ದ್ಜಿಫಾಳ ಮುಷ್ಟಿ

"ಅದನ್ನ ಬಿಡಿಸ್ಬೇಡ ಅಕ್ಕಾ! ಅತ್ತೆ ಆ ಮುಷ್ಟಿಯೊಳಗೆ ಮಾಟ ಬಚ್ಚಿಟ್ಕೊಂಡಿದಾಳೆ ಅಂತ ನಮ್ಮ ಚರ್ಚಿನ ಪ್ರವಾದಿಗಳೇ ಹೇಳಿದಾರೆ," ಎಂದು ಕಾಫುಯಿ ಹೊಸ್ತಿಲಾಚೆಯಿಂದಲೇ ಕೂಗಿದ. ಒಳಗೆ ಕಾಲಿಡುವ ಧೈರ್ಯ ಅವನಿಗಿರಲಿಲ್ಲ.

ಎಸೆನಾಮ್ ತಿರುಗಿಯೂ ನೋಡಲಿಲ್ಲ. ಆಕ್ರಾದಿಂದ ಬೆಳಿಗ್ಗೆ ಊರಿಗೆ ಬಂದಿಳಿದವಳಿಗೆ, ಅಕ್ಕ ತಮ್ಮ ಇಬ್ಬರನ್ನೂ ಸಾಕಿ ಸಲಹಿದ ಸೋದರತ್ತೆ ದ್ಜಿಫಾ ಹಿತ್ತಲ ಕೋಣೆಯಲ್ಲಿ ಒಂಟಿಯಾಗಿ ಬಿದ್ದಿದ್ದು ಕಂಡಿತ್ತು. ಸಂಧಿವಾತಕ್ಕೆ ಗಂಟುಗಟ್ಟಿದ ಅತ್ತೆಯ ಬಲಗೈಯನ್ನು ಬೋಗುಣಿಯ ಬೆಚ್ಚನೆಯ ನೀರಿನಲ್ಲಿ ನೆನೆಸಿ, ಕೊಬ್ಬರಿ ಎಣ್ಣೆ ಸವರಿ, ಮಡಚಿಕೊಂಡ ಬೆರಳುಗಳನ್ನು ಮೆಲ್ಲಗೆ ಒಂದೊಂದಾಗಿ ಬಿಡಿಸಿದಳು. ಮುದುಕಿ ತುಟಿ ಕಚ್ಚಿ ನೋವು ನುಂಗಿದಳು. ಕೊನೆಯ ಬೆರಳು ಮೇಲೆದ್ದಾಗ ಒಳಗಿದ್ದದ್ದು ಕಾಣಿಸಿತು. ತಿಂಗಳುಗಟ್ಟಲೆ ಯಾರೂ ಕತ್ತರಿಸದ ಉಗುರುಗಳು ಅಂಗೈಗೇ ನಾಟಿ, ಹುಣ್ಣಾಗಿ ಕೀವು ಕಟ್ಟಿತ್ತು.

"ಬಾರೋ ಇಲ್ಲಿ, ಮಾಟ ನೋಡು ಬಾ!" ಎಸೆನಾಮ್ ಎದ್ದು ಹೋಗಿ ತಮ್ಮನ ರಟ್ಟೆ ಹಿಡಿದು ಎಳೆತಂದಳು. "ಮುಳ್ಳು ತೆಗೆದು ಮೀನು ನಿನ್ನ ಬಾಯಿಗಿಟ್ಟ ಕೈಯಲ್ಲವೇನೋ ಇದು? ಉಗುರು ಕತ್ತರಿಸೋಕೂ ಪ್ರವಾದಿ ಅಪ್ಪಣೆ ಬೇಕಿತ್ತಾ?"

ಕಾಫುಯಿ ಅಂಗೈಯತ್ತ ಬಗ್ಗಿ ನೋಡಿದ. "ನಂಗೆ ಗೊತ್ತಾಗ್ಲಿಲ್ಲ ಅತ್ತೆ," ಎಂದು ತೊದಲಿದ.

"ಒಂದ್ಸಲ ಮುಟ್ಟಿದ್ರೆ ಗೊತ್ತಾಗ್ತಿತ್ತು." ದ್ಜಿಫಾಳ ದನಿ ಗುಡುಗಿತು. ಇನ್ನೂ ಮುಚ್ಚಿಯೇ ಇದ್ದ ಎಡಗೈಯನ್ನು ಅವನ ಮೂಗಿನೆದುರಿಗೇ ಹಿಡಿದಳು. "ಇದನ್ನ ನೀನೇ ಬಿಡಿಸ್ತೀಯ. ಮೊದಲು ಓಡಿಹೋಗಿ ನಿನ್ನ ಆ ಪ್ರವಾದೀನ ಕರ್ಕೊಂಡು ಬಾ. ಬೋಗುಣಿ ಹಿಡ್ಕೊಂಡು ಕೂರೋಕೆ ಒಬ್ರು ಬೇಕು."