ಸುಮಿಯ ಹಲ್ಲಿಮರಿಗಳು

ಲೊಚ್, ಲೊಚ್, ಲೊಚ್. ಟ್ಯೂಬ್‌ಲೈಟಿನ ಹಿಂದೆ ಹಲ್ಲಿ ಲೊಚಗುಟ್ಟಿದರೆ ಈಗಲೂ ನನಗೆ ಕುಮಟೆಯ ಅಜ್ಜಿಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಮ್ಮ ತೀರಿಕೊಂಡ ಮೇಲೆ ತಂಗಿ ಸುಮಿಯೂ ನಾನೂ ಅಲ್ಲೇ ಇದ್ದೆವು. ಸುಮಿ ಗಾಜಿನ ಬಾಟಲಿಯೊಂದರಲ್ಲಿ ಎರಡು ಹಲ್ಲಿಮರಿ ಸಾಕಿದ್ದಳು. ಒಂದೊಂದೇ ಇದ್ದರೆ ಲೋನ್ಲಿ ಆಗುತ್ತವೆ ಎಂದು ಒಟ್ಟಿಗೆ ಇಡಿಸಿದವಳು ನಾನೇ. ಅವಳು ಹಾಕಿದ ಸೊಳ್ಳೆ, ಇರುವೆಯನ್ನೆಲ್ಲ ದೊಡ್ಡದೇ ನುಂಗುತ್ತಿತ್ತು. ಆ ದಿನ ನೋಡಿದರೆ ಸಣ್ಣದಕ್ಕೆ ಬಾಲವೇ ಇರಲಿಲ್ಲ. ಪೂರ್ ಥಿಂಗ್, ತೆಳು ಚರ್ಮದಡಿ ಪಕ್ಕೆಲುಬು ಕಾಣುತ್ತಿತ್ತು.

ಅಜ್ಜಿ ಬಾಟಲಿಯನ್ನು ಬೆಳಕಿಗೆ ಹಿಡಿದಳು. "ಬೇರೆ ಬೇರೆ ಇಡು ಕೂಸೆ. ಒಟ್ಟಿಗಿದ್ರೆ ಸಣ್ದು ಉಳಿತಿಲ್ಲೆ."

"ಅದಕ್ಕೆ ಬೇಜಾರ ಆಗ್ತಿಲ್ಯ ಅಜ್ಜಿ?" ಎಂದಳು ಸುಮಿ.

"ಹೊಟ್ಟೆ ತುಂಬಿದ್ರೆ ಎಲ್ಲ ಮರ್ತು ಹೋಗ್ತು."

ಹಾಗೆಂದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಬ್ಬರನ್ನೂ ಸಾಕಲು ಅವಳಿಂದ ಆಗದೆಂದು ಮರುದಿನ ಹೊನ್ನಾವರದ ಅತ್ತೆ ಬಂದು ಸುಮಿಯನ್ನು ಕರೆದುಕೊಂಡು ಹೋದಳು. ಎರಡೇ ತಿಂಗಳಿಗೆ ಅಲ್ಲಿ ಟೈಫಾಯ್ಡ್ ಬಂದು ಸುಮಿ ಹೋಗಿಬಿಟ್ಟಳು.

ನಾನವಳನ್ನು ಕೊನೆಯ ಸಲ ನೋಡಿದ್ದು ಬಸ್ಸಿನ ಕಿಟಕಿಯಲ್ಲಿ. ನಾನು ಅಳುತ್ತಿದ್ದೆ, ಅವಳು ಅಳಲಿಲ್ಲ. ಸರಳುಗಳ ನಡುವೆ ಮುಖವಿಟ್ಟು, "ಅಕ್ಕಾ, ಸಣ್ದಕ್ಕೆ ಮೊದ್ಲು ಹಾಕು, ಆತಾ?" ಎಂದು ಕೂಗಿದಳು.