ತಾಯಿ ಕಡೆಯ ಬರಿ

"ಸುಳ್ಳು!" ಎಂದಳು ಲೀಲಾಕ್ಷಿ. "ಇವಳು ಮಲೆಕುಡಿಯರ ಹುಡುಗಿಯಂತೆ! ನಾವೆಂತ ಕಿವಿಗೆ ಹೂ ಇಟ್ಟುಕೊಂಡು ಕೂತಿದ್ದೇವಾ?"

ಎದುರಿಗಿದ್ದ ಮೋಕ್ಷಾ ತಲೆ ತಗ್ಗಿಸಲಿಲ್ಲ. ಸೋಫಾದಲ್ಲಿ ಲೀಲಾಕ್ಷಿಯ ಮಗ ಸೃಜನ್ ತನ್ನ ಪಕ್ಕ ಜಾಗ ಮಾಡಿಕೊಟ್ಟಿದ್ದರೂ ಅವಳು ಹೋಗಿ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕುಳಿತಿದ್ದಳು. ಕೊಟ್ಟ ಚಹಾ ಮುಟ್ಟಿರಲಿಲ್ಲ. ಎಷ್ಟು ಜಂಬ ನೋಡು ಎಂದು ಲೀಲಾಕ್ಷಿ ಒಳಗೊಳಗೇ ಹಲ್ಲು ಕಡಿದಳು.

ಸೃಜನ್ ಹಟ ಹಿಡಿದಿದ್ದ, ಮದುವೆಯಾದರೆ ಇವಳನ್ನೇ. ತಾಯಿಯ ಹಟವೂ ಕಡಿಮೆಯದಲ್ಲ, ಸೊಸೆ ನಮ್ಮ ಬುಡಕಟ್ಟಿನವಳೇ ಆಗಬೇಕು. ಕೊನೆಗೆ ದೋಹಾದಲ್ಲಿರುವ ತಮ್ಮವರಿಗೆಲ್ಲ ಹಿರಿಯನಾದ ತುಕ್ರಣ್ಣನನ್ನು ಈ ಶುಕ್ರವಾರ ಬಿನ್ ಒಮ್ರಾನ್ ಬಡಾವಣೆಯ ತಮ್ಮ ಫ್ಲ್ಯಾಟಿಗೆ ಕರೆಸಿದ್ದಾಯಿತು. ಅವನು ವಿಚಾರಿಸಿ ಹೇಳಿದ್ದೇ ಅಂತಿಮ. ಹುಡುಗಿ ನಮ್ಮವಳಲ್ಲವೆಂದರೆ ಸಂಬಂಧ ಖಲಾಸ್.

"ಅಲ್ಲ ಅಂದರೂ ನಾನು ಬಿಡುವವನಲ್ಲ," ಎಂದು ಸೃಜನ್ ಗೊಣಗಿದ. ಮೋಕ್ಷಾ ಅವನತ್ತ ನೋಡಲೂ ಇಲ್ಲ.

ಲೀಲಾಕ್ಷಿಗೆ ಹೊಟ್ಟೆ ಉರಿಯಿತು. ಬಹರೈನಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದ ಮಗ, ಇವಳು ದೋಹಾಕ್ಕೆ ಬಂದದ್ದೇ ತಡ, ಎಲ್ಲ ಬಿಟ್ಟು ಇಲ್ಲಿಗೆ ಬಂದ. ಇವಳಾದರೂ ಒಂದು ಕಡೆ ನೆಟ್ಟಗೆ ನಿಂತಳೇ? ದೋಹಾ ಅಲ್ ಜದೀದಾದ ರೂಮು ಬಿಟ್ಟು ದೂರದ ಅಲ್ ಶಮಾಲ್‌ಗೆ ಹೋಗಿ ಕುಳಿತಳು. ಆ ಮೂಲೆಗೆ ಯಾರಾದರೂ ಹೋಗುತ್ತಾರಾ? ಪಾಪದ ಹುಡುಗ, ಕೆಲಸ ಮುಗಿಸಿ ಅಷ್ಟು ದೂರ ಕಾರು ಓಡಿಸಿ, ಅವಳ ಕಟ್ಟಡದ ಕೆಳಗೆ ಕಾದು ಕಾದು, ಮುಖ ಸಣ್ಣದು ಮಾಡಿಕೊಂಡು ವಾಪಸು ಬರುತ್ತಾನೆ. ಮೂಗುದಾರ ಹಾಕಿ ಕುಣಿಸುವುದೆಂದರೆ ಇದೇ.

"ಸರ್ಟಿಫಿಕೇಟು ಉಂಟಾ?" ಎಂದು ಕೇಳಿದಳು.

"ನನ್ನ ಹೆಸರಲ್ಲಿಲ್ಲ, ಆಂಟಿ. ಅಪ್ಪ ಮೈಸೂರಿನವರು, ಬೇರೆ ಜಾತಿ. ಅಮ್ಮನದ್ದಿದೆ." ಮೋಕ್ಷಾ ಪರಿಶಿಷ್ಟ ಪಂಗಡದ ಪ್ರಮಾಣಪತ್ರವನ್ನು ಮುಂದಿಟ್ಟಳು.

"ಕೇಳಿದಿರಾ ತುಕ್ರಣ್ಣ? ಅಪ್ಪ ಬೇರೆ ಜಾತಿ. ಮುಗಿಯಿತಲ್ಲ!"

"ಎಂತ ಮುಗಿಯುವುದು, ಮಾರಾಯ್ತಿ?" ತುಕ್ರಣ್ಣ ಕನ್ನಡಕ ಸರಿಪಡಿಸಿಕೊಂಡು ಕಾಗದ ಓದಿದ. "ಸರ್ಕಾರ ಅಪ್ಪನನ್ನು ಕೇಳ್ತದೆ. ನಾವು ಕೇಳುವುದು ತಾಯಿಯನ್ನು. ಅಳಿಯಸಂತಾನದವರು ನಾವು, ಮರೆತುಹೋಯಿತಾ ನಿನಗೆ?"

"ಕಾಗದ ಯಾರು ಬೇಕಾದರೂ ತರ್ತಾರೆ. ಬಾಯಿಮಾತಿನ ಸಾಕ್ಷಿ ಬೇಕು ನನಗೆ."

ಮೋಕ್ಷಾ ತಕ್ಷಣ ಮೈಸೂರಿಗೆ ವಿಡಿಯೊ ಕಾಲ್ ಹಚ್ಚಿದಳು. ತಾಯಿ ಶರ್ಮಿಳಾ ಬಂದಳು, ಅತ್ತು ಕೆಂಪಾದ ಕಣ್ಣು. ಲೀಲಾಕ್ಷಿ ಬೇಕೆಂದೇ ತುಳುವಿನಲ್ಲಿ ಕೇಳಿದಳು. ಶರ್ಮಿಳಾ ತುಳುವಿನಲ್ಲೇ ಪಟಪಟನೆ ಉತ್ತರಿಸಿದಳು. ತಾಯಿಯ ಹೆಸರು, ಅಜ್ಜಿಯ ಹೆಸರು, ತನ್ನನ್ನು ಸಾಕಿದ ಸೋದರಮಾವ ದುಗ್ಗುವಿನ ಹೆಸರು.

"ದುಗ್ಗುವಿನ ಸೋದರಸೊಸೆಯಾ!" ತುಕ್ರಣ್ಣ ತೊಡೆ ತಟ್ಟಿದ. "ಅವನ ಒಟ್ಟಿಗೆ ಕಾಡಿನಲ್ಲಿ ಜೇನು ತೆಗೆದವ ನಾನು. ಇನ್ನು ಬೇರೆ ಸಾಕ್ಷಿ ಬೇಡ. ಈ ಹುಡುಗಿ ನಮ್ಮವಳೇ."

ಸೃಜನ್‌ನ ಮುಖ ಅರಳಿತು. ಲೀಲಾಕ್ಷಿಯ ಮುಖಕ್ಕೆ ಹೊಡೆದಂತಾಯಿತು.

"ಆಂಟಿ, ನೀವೂ ಒಪ್ಕೋಬೇಕು," ಎಂದಳು ಮೋಕ್ಷಾ. "ಎಲ್ಲರೆದುರಿಗೆ ನಿಮ್ಮ ಬಾಯಿಂದ್ಲೇ ಬರಬೇಕು."

ಎಲಾ ಇವಳ ಸೊಕ್ಕೇ! ತುಕ್ರಣ್ಣನ ಮಾತು ಮೀರುವ ಹಾಗಿಲ್ಲ. "ಆಯ್ತು, ನಮ್ಮವಳೇ," ಎಂದಳು ಲೀಲಾಕ್ಷಿ, ಕಹಿ ಕಷಾಯ ನುಂಗಿದಂತೆ. ಆದರೆ ಸುಮ್ಮನೆ ಸೋಲುವ ಹೆಂಗಸಲ್ಲ ಅವಳು. "ಒಂದು ಕೇಳಲಿಕ್ಕೆ ಬಾಕಿ ಉಂಟು. ನಿನ್ನದು ಯಾವ ಬರಿ?"

ಬರಿ ಎಂದರೆ ತಾಯಿಯಿಂದ ಮಕ್ಕಳಿಗೆ ಇಳಿಯುವ ಕುಲದ ಹೆಸರು. ಪೇಟೆಯಲ್ಲಿ ಬೆಳೆದ ಮಕ್ಕಳು ಎಡವುವುದು ಇಲ್ಲಿಯೇ. ಅಪ್ಪನ ಮನೆತನದ ಹೆಸರು ಹೇಳಿ ನಗೆಪಾಟಲಾಗುತ್ತಾರೆ.

"ನೇರೊಳು ಬರಿ," ಎಂದಳು ಮೋಕ್ಷಾ, ಕಣ್ಣು ಮಿಟುಕಿಸದೆ.

ಫೋನಿನಲ್ಲಿ ಶರ್ಮಿಳಾ ಹೌದೆಂದು ತಲೆಯಾಡಿಸಿದಳು. ಲೀಲಾಕ್ಷಿ ಒಂದು ಕ್ಷಣ ಬೆಪ್ಪಾದಳು. ಆಮೇಲೆ ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನನ್ನದೂ ನೇರೊಳು ಬರಿ! ಅಂದರೆ ನನ್ನ ಮಗನದ್ದೂ ಅದೇ! ಒಂದೇ ಬರಿಯವರು ಒಡಹುಟ್ಟಿದವರ ಲೆಕ್ಕ. ತುಕ್ರಣ್ಣ, ಅಣ್ಣ ತಂಗಿಗೆ ಮದುವೆ ಮಾಡಿಸುವುದುಂಟಾ?"

"ಮಾಫಿ," ಎಂದು ಅರಬಿಯಲ್ಲೇ ಇಲ್ಲವೆಂದ ತುಕ್ರಣ್ಣ. "ಸಾಧ್ಯವೇ ಇಲ್ಲ." ಅವನಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

ಸೃಜನ್ ಎದ್ದು ನಿಂತ. "ಈ ಬರಿ ಗಿರಿ ಎಲ್ಲ ಈಗ ಯಾರು ನೋಡ್ತಾರಮ್ಮ? ಅವಳ ಅಪ್ಪನನ್ನು ಆಗಲೇ ಒಪ್ಪಿಸಿದ್ದೇನೆ ನಾನು!"

"ನಾನು ನೋಡ್ತೇನೆ! ಇನ್ನು ಇವಳ ಹೆಸರೆತ್ತಿದರೆ ನೀನು ನನ್ನ ಹೊಟ್ಟೆಯಲ್ಲಿ ಹುಟ್ಟಿದವನೇ ಅಲ್ಲ. ನಾನೇ ಇವಳ ಅಪ್ಪನಿಗೆ ಫೋನ್ ಮಾಡಿ ಹೇಳ್ತೇನೆ, ಊರಿಡೀ ಹೇಳ್ತೇನೆ." ಲೀಲಾಕ್ಷಿ ಮೋಕ್ಷಾಳತ್ತ ತಿರುಗಿದಳು. ಗೆದ್ದ ಖುಷಿಯಲ್ಲಿ ಧ್ವನಿ ಜೇನಾಗಿತ್ತು. "ನಾನು ನಿನಗೆ ಅತ್ತೆ ಆಗ್ಲಿಕ್ಕಿಲ್ಲ ಮಗಾ. ದೊಡ್ಡಮ್ಮ ಆಗ್ಬೇಕು."

ಹುಡುಗಿ ಈಗ ಅಳುತ್ತಾಳೆ ಎಂದು ಕಾದಳು. ಮೋಕ್ಷಾಳ ಕಣ್ಣು ತುಂಬಿಯೇ ತುಂಬಿತು. ಆದರೆ ಅವಳು ನಗುತ್ತಿದ್ದಳು.

"ಬಹರೈನಿನಲ್ಲೇ ಬೇಡ ಅಂದೆ, ಕೇಳಲಿಲ್ಲ; ದೋಹಾಕ್ಕೆ ಓಡಿ ಬಂದೆ, ಶಮಾಲ್‌ಗೆ ಹೋಗಿ ಬಚ್ಚಿಟ್ಕೊಂಡೆ, ಅಲ್ಲಿಗೂ ಬಂದ. ಇನ್ನಾದ್ರೂ ತಂಗಿಯ ಬೆನ್ನು ಬಿಡು ಅಂತ ನಿಮ್ಮ ಮಗನಿಗೆ ನೀವೇ ಹೇಳಿ, ದೊಡ್ಡಮ್ಮಾ."