ಕಣ್ಣಿಗೊತ್ತಿಕೊಂಡ ಕಾರ್ಡು

ವಾದಿರಾಜ ಪುರಾಣದ ಕಾರ್ಡಾಟವೊಂದನ್ನು ತಾನೇ ಕಟ್ಟಿ, ತಾನೇ ಅಚ್ಚು ಹಾಕಿಸಿದ್ದ. ಇನ್ನು ತಾನೇ ಕೊಂಡುಕೊಳ್ಳುವುದೊಂದು ಬಾಕಿಯಿತ್ತು. ಮಾರಾಟವಾಗದ ಪೆಟ್ಟಿಗೆಗಳು ಅತ್ತೆಯ ಕೋಣೆಯಲ್ಲಿ ಸೂರು ಮುಟ್ಟಿದ್ದವು.

"ನಂಗೂ ಕಲಿಸಿ, ಅಳಿಯಂದ್ರೇ," ಎಂದರು ಅತ್ತೆ.

"ಸುಲಭ, ಅತ್ತೆ. ಇಬ್ರೂ ಒಂದೊಂದು ಕಾರ್ಡು ಕವುಚಿ ಇಡ್ಬೇಕು, ಆಮೇಲೆ ತಿರುಗಿಸ್ಬೇಕು. ದೇವರು ರಾಕ್ಷಸರನ್ನ ಕೊಲ್ತಾನೆ, ರಾಕ್ಷಸರು ಭಕ್ತರನ್ನ ತಿಂತಾರೆ, ಭಕ್ತರಿಗೆ ದೇವರೇ ಸೋಲ್ತಾನೆ."

ಆಡಿದರು. ದೇವರ ಕಾರ್ಡು ಇಡುವ ಮೊದಲು ಅತ್ತೆ ಅದನ್ನು ಭಕ್ತಿಯಿಂದ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಅದನ್ನು ಕಂಡೊಡನೆ ವಾದಿರಾಜ ಒಬ್ಬ ಭಕ್ತನನ್ನು ಇಳಿಸಿ ಗೆದ್ದುಬಿಡುತ್ತಿದ್ದ. ಗೆದ್ದು ಮೀಸೆ ತಿರುವಿದ. ಈ ಆಟದಲ್ಲಿ ಅವನಿಗೆ ಯಾರೂ ಸಾಟಿಯಿರಲಿಲ್ಲ. ಅವನ ಜೊತೆ ಈ ಆಟ ಆಡಿದವರೇ ಬೇರೆ ಯಾರೂ ಇರಲಿಲ್ಲ.

"ಸಾಕು ಬಿಡಿ ಅತ್ತೆ, ಸುಮ್ನೆ ಬೇಜಾರು ಮಾಡ್ಕೋತೀರಿ."

"ಇನ್ನೊಂದೇ ಆಟ, ಪಂದ್ಯ ಕಟ್ಟಿ. ನಾನು ಗೆದ್ರೆ ಈ ಪೆಟ್ಟಿಗೆಗಳೆಲ್ಲ ನಿಮ್ಮ ಕೋಣೆಗೆ."

"ಸೋತ್ರೆ?"

"ನಾನು ಸಾಯೋವರೆಗೂ ಇಲ್ಲೇ ಇರ್ಲಿ."

ಅವನು ಒಪ್ಪಿದ. ನಿಯಮ ಬರೆದ ಬ್ರಹ್ಮನೇ ತಾನಲ್ಲವೇ!

ಅತ್ತೆ ಒಂದು ಕಾರ್ಡು ಆರಿಸಿದರು. ಅದನ್ನು ಎರಡೂ ಕಣ್ಣಿಗೊತ್ತಿಕೊಂಡು, ತುಟಿಯಲ್ಲೇ ಏನೋ ಶ್ಲೋಕ ಹೇಳಿಕೊಂಡು, ಮೆಲ್ಲಗೆ ಕವುಚಿಟ್ಟರು. ವಾದಿರಾಜ ನಗು ತಡೆದುಕೊಂಡು ಭಕ್ತನನ್ನು ಇಟ್ಟ.

"ತಿರುಗಿಸಿ ಅತ್ತೆ, ಯಾವ ದೇವರು ನೋಡೋಣ."

ಅತ್ತೆ ತಿರುಗಿಸಿದರು: ಮೂಗಿಲ್ಲದ ಶೂರ್ಪನಖಿ.